ಹುಲ್ಲು ಕತ್ತರಿಸುವ ಮಿಷನ್: ಮೊದಲು ಪ್ಲಗ್ ಕೀಳಿ, ಆಮೇಲೆ ಹತ್ತಿರ ಹೋಗಿ



ಹೈನುಗಾರಿಕೆಗೆಂದು ಸಂಘದಿಂದ ಸಾಲ ತೆಗೆದುಕೊಂಡವರ ಹಟ್ಟಿಗಳಲ್ಲಿ ಈಗ ದನದ ಜೊತೆಗೆ ಇನ್ನೊಂದು ವಸ್ತುವೂ ಕಾಣುತ್ತದೆ. ಅದು ಕರೆಂಟಿನಿಂದ ಓಡುವ ಹುಲ್ಲು ಕತ್ತರಿಸುವ ಮಿಷನ್. ಚಾಫ್ ಕಟರ್ ಅಂತಲೂ ಕರೆಯುತ್ತೇವೆ. ಕತ್ತಿ ಹಿಡಿದು ಕೂತು ಕೊಚ್ಚುವುದಕ್ಕಿಂತ ಇದರಲ್ಲಿ ಕೆಲಸ ಬೇಗ ಮುಗಿಯುತ್ತದೆ, ಸೊಂಟ ನೋವೂ ಕಡಿಮೆ. ನೇಪಿಯರ್ ಹುಲ್ಲನ್ನು ಉದ್ದಕ್ಕೆ ಹಾಗೇ ಹಾಕಿದರೆ ದನ ಎಲೆ ತಿಂದು ದಂಟು ಬಿಡುತ್ತದೆ. ಸಣ್ಣಗೆ ಕತ್ತರಿಸಿ ಹಾಕಿದರೆ ದಂಟನ್ನೂ ತಿನ್ನುತ್ತದೆ, ಮೇವು ಕಾಲಡಿ ಬಿದ್ದು ಹಾಳಾಗುವುದು ತಪ್ಪುತ್ತದೆ. ಆದ್ದರಿಂದ ಈ ಮಿಷನ್ ಬೇಡ ಎಂದು ನಾವು ಯಾರಿಗೂ ಹೇಳುವುದಿಲ್ಲ.

ಆದರೆ ಒಂದು ಮಾತು. ಒಳಗೆ ಬಂದದ್ದು ಹುಲ್ಲೋ ಬೆರಳೋ ಎಂದು ಮಿಷನಿಗೆ ಗೊತ್ತಾಗುವುದಿಲ್ಲ. ಗೊತ್ತಿರಬೇಕಾದದ್ದು ನಮಗೆ. ಅಂಗಡಿಯವರು ಮಿಷನ್ ತಂದಿಳಿಸಿ, ಒಂದು ಸಲ ಓಡಿಸಿ ತೋರಿಸಿ ಹೋಗುತ್ತಾರೆ. ಹುಲ್ಲು ಸಿಕ್ಕಿ ನಿಂತರೆ ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ಅದನ್ನೇ ಈ ಸಲ ಇಲ್ಲಿ ವಿವರಿಸುತ್ತಿದ್ದೇವೆ. ಓದಲು ಬಾರದ ಸದಸ್ಯೆಯರಿಗೆ ದಯವಿಟ್ಟು ಸಭೆಯಲ್ಲಿ ಯಾರಾದರೂ ಓದಿ ಹೇಳಿ.

ಒಂದು ಸಂಜೆಯ ಕೆಲಸ

ಹೀಗೆ ಎಣಿಸಿಕೊಳ್ಳಿ. ಸಂಜೆ ಐದೂವರೆ ಗಂಟೆ. ಸೊಸೈಟಿಗೆ ಹಾಲು ಕೊಡುವ ಹೊತ್ತು ಹತ್ತಿರ ಬಂತು. ಮಳೆಯಲ್ಲಿ ನೆನೆದ ಹುಲ್ಲನ್ನು ಮಿಷನಿಗೆ ಕೊಡುತ್ತಿದ್ದೀರಿ. ಒದ್ದೆ ಹುಲ್ಲು ರೋಲರಿಗೆ ಸುತ್ತಿಕೊಂಡು ಮಿಷನ್ ಗರ್ರ್ ಎಂದು ನಿಲ್ಲುತ್ತದೆ. ಅದೇ ಹೊತ್ತಿಗೆ ಕರೆಂಟೂ ಹೋಯಿತು. "ಹೇಗೂ ಕರೆಂಟಿಲ್ಲ, ಈಗಲೇ ತೆಗೆದುಬಿಡುವ" ಅಂತ ಕೈ ಹಾಕುತ್ತೀರಿ. ಸ್ವಿಚ್ ಆನ್ ಆಗಿಯೇ ಇದೆ. ಸಿಕ್ಕಿದ ಹುಲ್ಲು ಬಿಡಿಸಿಕೊಂಡು ಬರುವುದಕ್ಕೂ ಕರೆಂಟು ವಾಪಸ್ ಬರುವುದಕ್ಕೂ ಸರಿಹೋದರೆ?

ಈ ಕೆಲಸದಲ್ಲಿ ದುಡುಕುವವರು ಮಾತ್ರ ಪೆಟ್ಟು ತಿನ್ನುತ್ತಾರೆ ಎಂದಿಲ್ಲ. ವರ್ಷಗಟ್ಟಲೆ ಮಿಷನ್ ಓಡಿಸಿ ಕೈ ಪಳಗಿದವರಿಗೂ ಆಗುತ್ತದೆ. ಹುಲ್ಲು ಸರಾಗವಾಗಿ ಹೋಗುತ್ತಿರುವಾಗ ಕೈ ದೂರದಲ್ಲೇ ಇರುತ್ತದೆ. ಮಿಷನ್ ಸಿಕ್ಕಿಕೊಂಡಾಗ ಮಾತ್ರ ನಾವಾಗಿಯೇ ಕೈಯನ್ನು ಬ್ಲೇಡಿನ ಹತ್ತಿರ ಕೊಂಡುಹೋಗುತ್ತೇವೆ. ಹಾಗಾಗಿ ಮಿಷನ್ ಓಡುವಾಗ ಎಷ್ಟು ಜಾಗ್ರತೆ ಬೇಕೋ, ಅದು ನಿಂತಾಗ ಅದಕ್ಕಿಂತ ಹೆಚ್ಚು ಬೇಕು.

ಮಿಷನಿನ ಒಳಗೆ ಏನಾಗತ್ತೆ?

ಮಿಷನಿನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಒಂದು, ಹುಲ್ಲು ಇಡುವ ಉದ್ದನೆಯ ಟ್ರೇ. ಎರಡು, ಹುಲ್ಲನ್ನು ಕಚ್ಚಿ ಒಳಗೆ ಎಳೆಯುವ ಹಲ್ಲಿನ ರೋಲರುಗಳು. ಮೂರು, ಬ್ಲೇಡುಗಳನ್ನು ಬಿಗಿದ ಭಾರದ ಚಕ್ರ. ಮೋಟಾರು ಬೆಲ್ಟಿನ ಮೂಲಕ ಚಕ್ರವನ್ನೂ, ಗೇರಿನ ಮೂಲಕ ರೋಲರನ್ನೂ ತಿರುಗಿಸುತ್ತದೆ.

ಎಲ್ಲರೂ ಹೆದರುವುದು ಬ್ಲೇಡಿಗೆ. ಆದರೆ ಕೈಯನ್ನು ಬ್ಲೇಡಿನವರೆಗೆ ಎಳೆದುಕೊಂಡು ಹೋಗುವುದು ರೋಲರ್. ಒಂದು ಲೆಕ್ಕ ಹಾಕೋಣ. ಚಕ್ರ ನಿಮಿಷಕ್ಕೆ 600 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 10 ಸುತ್ತು. ಎರಡು ಬ್ಲೇಡ್ ಇದ್ದರೆ ಸೆಕೆಂಡಿಗೆ 20 ಸಲ ಕತ್ತರಿಸುತ್ತದೆ. ಒಂದೊಂದು ತುಂಡು 2 ಸೆಂಟಿಮೀಟರ್ ಆದರೆ, ರೋಲರ್ ಒಂದು ಸೆಕೆಂಡಿನಲ್ಲಿ 40 ಸೆಂಟಿಮೀಟರ್ ಹುಲ್ಲನ್ನು ಒಳಗೆ ಎಳೆಯುತ್ತದೆ. ನಾವು ಹೂವು ಅಳೆಯುವ ಹಾಗೆ ಹೇಳುವುದಾದರೆ ಹತ್ತಿರ ಹತ್ತಿರ ಒಂದು ಮೊಳ. ಮೊಳ ಎಂದರೆ ಬೆರಳ ತುದಿಯಿಂದ ಮೊಣಕೈವರೆಗೆ. "ಅಯ್ಯೋ" ಎನ್ನುವುದಕ್ಕೂ ಒಂದು ಸೆಕೆಂಡು ಬೇಕು. ಸಿಕ್ಕಿಬಿದ್ದ ಕೈಯನ್ನು ಎಳೆದುಕೊಳ್ಳುತ್ತೇನೆ ಎಂಬ ಧೈರ್ಯ ಯಾರಿಗೂ ಬೇಡ.

ಇನ್ನೊಂದು ವಿಷಯ. ಸೀಲಿಂಗ್ ಫ್ಯಾನ್ ಸ್ವಿಚ್ ಆಫ್ ಮಾಡಿದ ಕೂಡಲೇ ನಿಲ್ಲುತ್ತದಾ? ಇಲ್ಲ, ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಈ ಚಕ್ರ ಫ್ಯಾನಿಗಿಂತ ಎಷ್ಟೋ ಭಾರ. ಸ್ವಿಚ್ ಆಫ್ ಆದ ಮೇಲೂ ಬ್ಲೇಡ್ ಕತ್ತರಿಸುವ ಶಕ್ತಿಯಿಂದಲೇ ತಿರುಗುತ್ತಿರುತ್ತದೆ. ಶಬ್ದ ನಿಂತಿತು ಎಂದರೆ ಚಕ್ರ ನಿಂತಿತು ಎಂದಲ್ಲ. ಕಣ್ಣಿನಿಂದ ನೋಡಿಯೇ ತಿಳಿಯಬೇಕು.

ಕೆಲವು ಚಿಕ್ಕ ಮಿಷನುಗಳಲ್ಲಿ ರೋಲರ್ ಇರುವುದಿಲ್ಲ, ಹುಲ್ಲನ್ನು ನಾವೇ ತಳ್ಳಬೇಕು. ಅಂಥದ್ದರಲ್ಲಿ ಕೈ ಬ್ಲೇಡಿಗೆ ಇನ್ನೂ ಹತ್ತಿರವಾಗುತ್ತದೆ. ಚಿಕ್ಕ ಮಿಷನ್ ಎಂದು ಸಸಾರ ಮಾಡಬಾರದು.

ಹುಲ್ಲು ಸಿಕ್ಕಿ ನಿಂತರೆ: ಐದು ಹೆಜ್ಜೆ

ಇಡೀ ಲೇಖನದಲ್ಲಿ ಇದೊಂದು ಭಾಗ ನೆನಪಿದ್ದರೂ ಸಾಕು.

1. ಸ್ವಿಚ್ ಆಫ್ ಮಾಡಿ.

2. ಪ್ಲಗ್ ಕಿತ್ತು, ನಿಮ್ಮ ಕಣ್ಣಿಗೆ ಕಾಣುವ ಹಾಗೆ ಮಿಷನಿನ ಮೇಲೆ ಇಡಿ. ಪ್ಲಗ್ ಇಲ್ಲದೆ ನೇರವಾಗಿ ವಯರ್ ಕೊಟ್ಟಿದ್ದರೆ ಆ ಲೈನಿನ ಮೈನ್ ಸ್ವಿಚ್ ಇಳಿಸಿ, ಯಾರೂ ಹಾಕದ ಹಾಗೆ ಮನೆಯವರಿಗೆ ಹೇಳಿ. ಕರೆಂಟು ಹೋಗಿದ್ದರೂ ಇದನ್ನು ಬಿಡಬೇಡಿ. ಮೋಟಾರು ಬಿಸಿಯಾಗಿ ತಾನಾಗಿ ನಿಂತಿದ್ದರೂ ಬಿಡಬೇಡಿ. ತಣ್ಣಗಾದ ಮೇಲೆ ತಾನಾಗಿಯೇ ಶುರುವಾಗುವ ಮೋಟಾರುಗಳೂ ಇವೆ.

3. ಚಕ್ರ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಕೈಯಿಂದ, ಕೋಲಿನಿಂದ ತಡೆದು ನಿಲ್ಲಿಸಲು ಹೋಗಬೇಡಿ.

4. ಚಕ್ರಕ್ಕೆ ಚಿಲಕ ಇದ್ದರೆ ಹಾಕಿ. ಇಲ್ಲದಿದ್ದರೆ ಗಟ್ಟಿ ಮರದ ತುಂಡನ್ನು ಅಡ್ಡ ಕೊಟ್ಟು ತಿರುಗದ ಹಾಗೆ ಮಾಡಿ. ಇದು ಯಾಕೆ ಅಂದರೆ, ಸಿಕ್ಕಿದ ಹುಲ್ಲು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸಿದ ಕೂಡಲೇ ಚಕ್ರ ಫಕ್ಕನೆ ತಿರುಗಬಹುದು. ಕರೆಂಟೇ ಇಲ್ಲದೆ ಬೆರಳು ಕತ್ತರಿಸಲು ಅಷ್ಟು ಸಾಕು.

5. ಕೋಲಿನಿಂದ ಅಥವಾ ಕಬ್ಬಿಣದ ಕೊಕ್ಕೆಯಿಂದ ಹುಲ್ಲನ್ನು ಹಿಂದಕ್ಕೆ ಎಳೆದು ತೆಗೆಯಿರಿ. ಬೆರಳಿನಿಂದ ಬೇಡ. ಈ ಕೆಲಸ ಒಬ್ಬರೇ ಮಾಡಬೇಕು. ಒಬ್ಬರು ಚಕ್ರ ತಿರುಗಿಸುವುದು, ಇನ್ನೊಬ್ಬರು ಹುಲ್ಲು ತೆಗೆಯುವುದು ಖಂಡಿತ ಬೇಡ. ಮಿಷನಿನ ಆಚೆ ಬದಿಯಲ್ಲಿ ಇರುವವರಿಗೆ ಈಚೆಯವರ ಬೆರಳು ಕಾಣುವುದಿಲ್ಲ.

ಹಿಂದಕ್ಕೆ ತಿರುಗಿಸುವ ಗೇರ್ ಲಿವರ್ ಕೆಲವು ಮಿಷನುಗಳಲ್ಲಿರುತ್ತದೆ. ಲಿವರ್ ಹಿಂದಕ್ಕೆ ಹಾಕಿದರೆ ರೋಲರೇ ಹುಲ್ಲನ್ನು ಹೊರಗೆ ದೂಡುತ್ತದೆ. ಕೈ ಹಾಕುವ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ಮಿಷನಿನಲ್ಲಿ ಅದು ಇದೆಯಾ, ಕೆಲಸ ಮಾಡುತ್ತದಾ ಎಂದು ಇವತ್ತೇ ನೋಡಿ. ಎಷ್ಟೋ ಮನೆಗಳಲ್ಲಿ ಆ ಲಿವರ್ ತುಕ್ಕು ಹಿಡಿದು ಕೂತಿರುತ್ತದೆ.

ಹುಲ್ಲು ಸಿಕ್ಕದ ಹಾಗೆ ನೋಡಿಕೊಳ್ಳುವುದು

ಸಿಕ್ಕಿಕೊಳ್ಳುವುದೇ ಕಡಿಮೆಯಾದರೆ ಅಪಾಯವೂ ಕಡಿಮೆ. ಇದಕ್ಕೆ ನಾಲ್ಕು ವಿಷಯ ಗಮನಿಸಿ.

ಒಂದು, ಮಿಷನ್ ಪೂರ್ತಿ ವೇಗಕ್ಕೆ ಬಂದ ಮೇಲೆಯೇ ಹುಲ್ಲು ಕೊಡಿ. ಹುಲ್ಲು ತುಂಬಿಸಿಟ್ಟು ಸ್ವಿಚ್ ಹಾಕಬೇಡಿ.

ಎರಡು, ಒಂದು ಸಲಕ್ಕೆ ಕೊಡುವ ಕಟ್ಟು ಸಣ್ಣದಿರಲಿ. ಬೈಹುಲ್ಲು ಮತ್ತು ಒದ್ದೆ ಹುಲ್ಲು ರೋಲರಿಗೆ ಬೇಗ ಸುತ್ತಿಕೊಳ್ಳುತ್ತದೆ. ಅದನ್ನು ಇನ್ನೂ ಸ್ವಲ್ಪ ಸ್ವಲ್ಪವೇ ಕೊಡಿ. ಕಟ್ಟಿದ ಹಗ್ಗ, ತಂತಿ, ಪ್ಲಾಸ್ಟಿಕ್ ದಾರ, ಕಲ್ಲು ಇದ್ದರೆ ಮೊದಲೇ ಆರಿಸಿ ತೆಗೆಯಿರಿ.

ಮೂರು, ಕಟ್ಟಿನ ಕೊನೆಯ ಗೇಣುದ್ದದ ತುಂಡುಗಳನ್ನು ಕೈಯಿಂದ ತುರುಕಬೇಡಿ. ಮುಂದಿನ ಕಟ್ಟು ಅದನ್ನು ದೂಡಲಿ. ಕೆಲಸದ ಕೊನೆಗೆ ಉಳಿದ ತುಂಡುಗಳನ್ನು ಹಾಗೇ ದನಕ್ಕೆ ಹಾಕಿ. ಆ ಒಂದು ಹಿಡಿ ಹುಲ್ಲಿಗಾಗಿ ಕೈಯನ್ನು ಪಣಕ್ಕೆ ಇಡುವುದು ಬೇಡ.

ನಾಲ್ಕು, ಬ್ಲೇಡ್ ಹರಿತವಾಗಿರಲಿ. ಮೊಂಡು ಬ್ಲೇಡ್ ಅಪಾಯ ಕಡಿಮೆ ಎಂದು ಕೆಲವರು ಎಣಿಸುತ್ತಾರೆ. ನಿಜವಾಗಿ ಉಲ್ಟಾ. ಮೊಂಡಾದರೆ ಹುಲ್ಲು ಕತ್ತರಿಸದೆ ಜಗಿದ ಹಾಗಾಗುತ್ತದೆ, ಪದೇ ಪದೇ ಸಿಕ್ಕಿಕೊಳ್ಳುತ್ತದೆ, ಮೋಟಾರಿಗೂ ಭಾರ. ಬ್ಲೇಡ್ ಸಾಣೆ ಹಿಡಿಸಿ ಮತ್ತೆ ಹಾಕುವಾಗ ಕಂಪನಿ ಕೊಟ್ಟ ಬೋಲ್ಟ್ ನಟ್ಟುಗಳನ್ನೇ ಹಾಕಿ ಬಿಗಿಯಿರಿ. ಎಲ್ಲಿಂದಲೋ ತಂದ ಬೋಲ್ಟ್ ತುಂಡಾದರೆ ಬ್ಲೇಡ್ ಹಾರಿ ಬರುತ್ತದೆ. ಅದಕ್ಕೇ ಮಿಷನ್ ಶುರುಮಾಡುವಾಗ ಯಾರೂ ಚಕ್ರದ ನೇರಕ್ಕೆ ನಿಲ್ಲಬಾರದು, ಬದಿಗೆ ನಿಲ್ಲಬೇಕು.

ಸೆರಗು, ಜಡೆ, ಬಳೆ

ತಿರುಗುವ ಬೆಲ್ಟಿಗೆ, ಪುಲ್ಲಿಗೆ ಬಟ್ಟೆಯ ಒಂದು ತುದಿ ಸಿಕ್ಕರೆ ಸಾಕು, ಬಟ್ಟೆಯ ಹಿಂದೆ ಮೈಯೂ ಹೋಗುತ್ತದೆ. ಸೀರೆಯಾದರೆ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಚೂಡಿದಾರದವರು ದುಪಟ್ಟ ತೆಗೆದಿಟ್ಟು ಬನ್ನಿ. ನೈಟಿಯ ಅಗಲ ತೋಳು ಮಡಚಿ ಪಿನ್ ಹಾಕಿ, ಮೇಲೆ ಹೊದ್ದ ಟವೆಲ್ ತೆಗೆಯಿರಿ. ಜಡೆಯನ್ನು ತುರುಬು ಕಟ್ಟಿ. ಕರಿಮಣಿ, ಸರ ರವಿಕೆಯ ಒಳಗಿರಲಿ. ಬಳೆ ತೆಗೆದಿಡಲು ಮನಸ್ಸು ಒಪ್ಪದವರು ಮೇಲಕ್ಕೆ ಸರಿಸಿ ಬಟ್ಟೆಯಿಂದ ಬಿಗಿಯಾಗಿ ಕಟ್ಟಿಕೊಳ್ಳಿ.

ಕೈಗವಸು ಹಾಕಿದರೆ ಒಳ್ಳೆಯದಲ್ಲವಾ ಎಂದು ಕೇಳುತ್ತೀರಿ. ಈ ಕೆಲಸಕ್ಕೆ ಬೇಡ. ಸಡಿಲ ಕೈಗವಸನ್ನು ರೋಲರ್ ಬೇಗ ಕಚ್ಚಿಕೊಳ್ಳುತ್ತದೆ.

ಕರೆಂಟಿನ ವಿಷಯ

ಹಟ್ಟಿಯಲ್ಲಿ ನೆಲ ಯಾವಾಗಲೂ ಒದ್ದೆ. ಮಿಷನಿನ ಮೈ ಕಬ್ಬಿಣ. ವಯರಿನ ಮೇಲೆ ದನ ಕಾಲಿಡುತ್ತದೆ, ಇಲಿ ಕಚ್ಚುತ್ತದೆ. ಹಾಗಾಗಿ ಬ್ಲೇಡಿನಷ್ಟೇ ಭಯ ಶಾಕಿನದ್ದೂ ಇದೆ.

2 ಎಚ್‌ಪಿ ಮೋಟಾರು ಸುಮಾರು 10 ಆಂಪಿಯರ್ ಕರೆಂಟು ಎಳೆಯುತ್ತದೆ, ಶುರುವಾಗುವಾಗ ಇನ್ನೂ ಹೆಚ್ಚು. ಟಿವಿ, ಮೊಬೈಲಿಗೆ ಹಾಕುವ 6 ಆಂಪಿಯರಿನ ಚಿಕ್ಕ ಪ್ಲಗ್ ಇದಕ್ಕೆ ಸಾಲದು. 16 ಆಂಪಿಯರಿನ ದೊಡ್ಡ ಪವರ್ ಪ್ಲಗ್ ಬೇಕು, ಮೂರೂ ಪಿನ್ನಿಗೆ ಸಂಪರ್ಕ ಇರಬೇಕು. ಮೂರನೆಯ ದಪ್ಪ ಪಿನ್ನೇ ಅರ್ಥಿಂಗ್. ಅದನ್ನು ಮುರಿದು ಎರಡೇ ಪಿನ್ ಹಾಕುವ ಅಭ್ಯಾಸ ಜೀವಕ್ಕೆ ಕುತ್ತು.

ಮೈನ್ ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ ಎಂದು ಸುಮ್ಮನಿರಬೇಡಿ. ಎಂಸಿಬಿ ಕಾಪಾಡುವುದು ವಯರನ್ನು. ಮನುಷ್ಯರನ್ನು ಶಾಕಿನಿಂದ ಕಾಪಾಡುವುದು ಆರ್‌ಸಿಸಿಬಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ, ಕರೆಂಟು ಎಲ್ಲಿಯೋ ಸೋರಿ ನೆಲಕ್ಕೆ ಹರಿಯುತ್ತಿದೆ ಎಂದು ಗೊತ್ತಾದ ಕ್ಷಣವೇ ಅದು ಲೈನ್ ಕಡಿದುಬಿಡುತ್ತದೆ. ಅದರಲ್ಲಿರುವ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಬೀಳದಿದ್ದರೆ ಅದು ಹಾಳಾಗಿದೆ ಎಂದರ್ಥ.

ಹಾಗೆಯೇ ಸಾದಾ ಸ್ವಿಚ್ಚಿನ ಬದಲು ಹಸಿರು ಕೆಂಪು ಬಟನ್ ಇರುವ ಸ್ಟಾರ್ಟರ್ ಹಾಕಿಸುವುದು ಒಳ್ಳೆಯದು. ಕರೆಂಟು ಹೋಗಿ ಬಂದರೆ ಆ ಸ್ಟಾರ್ಟರ್ ತಾನಾಗಿ ಮಿಷನ್ ಓಡಿಸುವುದಿಲ್ಲ, ನೀವು ಹಸಿರು ಬಟನ್ ಒತ್ತಲೇಬೇಕು. ಮೇಲೆ ಹೇಳಿದ ಸಂಜೆಯ ಕೆಲಸದಲ್ಲಿ ಇದೊಂದು ಇದ್ದಿದ್ದರೂ ದೊಡ್ಡ ಆಸರೆಯಾಗುತ್ತಿತ್ತು. ಆದರೂ ಐದು ಹೆಜ್ಜೆ ಬಿಡುವ ಹಾಗಿಲ್ಲ.

ಜೋಡಿಸಿ ಟೇಪ್ ಸುತ್ತಿದ ವಯರ್ ಬೇಡ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ. ರಬ್ಬರ್ ಚಪ್ಪಲಿ ಹಾಕಿ, ಒಣ ಹಲಗೆಯ ಮೇಲೆ ನಿಂತು ಕೆಲಸ ಮಾಡಿ. ಮಿಷನಿನ ಮೈ ಮುಟ್ಟಿದಾಗ ಸ್ವಲ್ಪ ಜುಮ್ ಎಂದರೂ ಅದೇ ದಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ. "ಮಳೆಗಾಲದಲ್ಲಿ ಹಾಗೆಯೇ" ಎಂದು ಬಿಡಬೇಡಿ.

ಮಕ್ಕಳು

ಉತ್ತರ ಭಾರತದ ಹಳ್ಳಿಗಳಲ್ಲಿ ಈ ಮಿಷನ್ ನಮಗಿಂತ ಎಷ್ಟೋ ಮೊದಲೇ ಬಂದದ್ದು. ದೆಹಲಿ ಐಐಟಿಯ ಪ್ರೊಫೆಸರ್ ದಿನೇಶ್ ಮೋಹನ್ ಮತ್ತು ಸಂಗಡಿಗರು ಅಲ್ಲಿ ಆದ ಅಪಘಾತಗಳನ್ನು ಅಭ್ಯಾಸ ಮಾಡಿ, ಸುರಕ್ಷಿತ ಮಿಷನ್ ಹೇಗಿರಬೇಕು ಎಂಬುದನ್ನು 2004ರಲ್ಲಿ ಪ್ರಕಟಿಸಿದರು. ಗಾಯಗೊಂಡವರಲ್ಲಿ ಮಕ್ಕಳೂ ಇದ್ದರು. ದೊಡ್ಡವರು ಇಲ್ಲದಾಗ ಚಕ್ರ ತಿರುಗಿಸಿ ಆಡುವುದು ಮಕ್ಕಳಿಗೆ ಇಷ್ಟ. ಒಂದು ಮಗು ಚಕ್ರ ತಿರುಗಿಸಿದರೆ ಇನ್ನೊಂದು ಮಗುವಿನ ಬೆರಳು ಬ್ಲೇಡಿನ ಹತ್ತಿರ ಇರುತ್ತದೆ. ಅದಕ್ಕೆ ಅವರು ಸೂಚಿಸಿದ್ದು ದೊಡ್ಡ ಖರ್ಚಿನ ಉಪಾಯವಲ್ಲ: ಚಕ್ರಕ್ಕೆ ಚಿಲಕ, ಬ್ಲೇಡಿಗೆ ರಕ್ಷಣೆ, ಮತ್ತು ಕೈ ಮುಂದೆ ಹೋದರೆ ತಾಗಿ ಎಚ್ಚರಿಸುವ ಒಂದು ರೋಲರ್.

ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು, ಚಕ್ರಕ್ಕೆ ಚಿಲಕ ಅಥವಾ ಸರಪಳಿ ಬೀಗ ಹಾಕಿ, ಮೇಲೆ ಗೋಣಿ ಮುಚ್ಚಿ. ಮಿಷನ್ ಓಡುವಾಗ ಮಕ್ಕಳು ಹಟ್ಟಿಯ ಹೊರಗಿರಲಿ. "ಸ್ವಲ್ಪ ಹುಲ್ಲು ಹಾಕು ಮಗಾ" ಎಂದು ಶಾಲೆಯಿಂದ ಬಂದ ಮಕ್ಕಳಿಗೆ ಹೇಳಬೇಡಿ.

ಹೊಸತು ಕೊಳ್ಳುವವರಿಗೆ

ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಬ್ಲೇಡಿಗೂ ಬೆಲ್ಟಿಗೂ ಮುಚ್ಚಳ ಇದೆಯಾ? ಹಿಂದಕ್ಕೆ ತಿರುಗಿಸುವ ಗೇರ್ ಇದೆಯಾ? ಚಕ್ರಕ್ಕೆ ಚಿಲಕ ಇದೆಯಾ? ಟ್ರೇ ಸಾಕಷ್ಟು ಉದ್ದವಿದೆಯಾ? ಟ್ರೇ ಅಳೆಯುವುದು ಸುಲಭ. ಪ್ಲಗ್ ಕಿತ್ತಿರುವಾಗ ಒಂದು ಕೋಲನ್ನು ಟ್ರೇಯ ತುದಿಯಿಂದ ರೋಲರಿನವರೆಗೆ ಇಟ್ಟು ನೋಡಿ. ಆ ಉದ್ದ ನಿಮ್ಮ ಹೆಗಲಿನಿಂದ ಬೆರಳ ತುದಿಯವರೆಗಿನ ಉದ್ದಕ್ಕಿಂತ ಹೆಚ್ಚಿರಬೇಕು. ಕಡಿಮೆ ಇದ್ದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ತಗಡು ಜೋಡಿಸಿ ಉದ್ದ ಮಾಡಿಸಬಹುದು, ರೋಲರಿನ ಹತ್ತಿರದ ಅರ್ಧ ಭಾಗಕ್ಕೆ ಮೇಲಿನಿಂದಲೂ ತಗಡು ಮುಚ್ಚಿಸಬಹುದು.

ಅನಾಹುತ ಆದರೆ

ಕೈ ಸಿಕ್ಕಿಕೊಂಡರೆ ಮೊದಲು ಕರೆಂಟು ತೆಗೆಯಿರಿ. ಕೈಯನ್ನು ಜಗ್ಗಿ ಎಳೆಯಬೇಡಿ. ಚಕ್ರವನ್ನು ಕೈಯಿಂದ ನಿಧಾನವಾಗಿ ಹಿಂದಕ್ಕೆ ತಿರುಗಿಸಿ ಬಿಡಿಸಿ. ಶುದ್ಧ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಶಿನ, ಸುಣ್ಣ ಹಾಕಬೇಡಿ. 108ಕ್ಕೆ ಫೋನ್ ಮಾಡಿ.

ಬೆರಳು ತುಂಡಾಗಿ ಬಿದ್ದಿದ್ದರೆ ಅದನ್ನು ಬಿಸಾಡಬೇಡಿ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಇರುವ ಇನ್ನೊಂದು ಚೀಲದಲ್ಲಿ ಇಡಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು, ನೀರಿನಲ್ಲಿ ಮುಳುಗಿಸಲೂಬಾರದು. ಗಾಯಾಳುವಿನ ಜೊತೆಯಲ್ಲೇ ಕೊಂಡುಹೋಗಿ. ಬೇಗ ತಲುಪಿದರೆ ಮತ್ತೆ ಜೋಡಿಸುವ ಸಾಧ್ಯತೆ ಇರುತ್ತದೆ.

ಶಾಕ್ ಹೊಡೆದು ಹಿಡಿದುಕೊಂಡವರನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮೊದಲು ಮೈನ್ ಇಳಿಸಿ. ಆಗದಿದ್ದರೆ ಒಣ ಮರದ ಕೋಲಿನಿಂದ ದೂಡಿ ಬಿಡಿಸಿ.

ವಿಮೆಯ ಬಗ್ಗೆಯೂ ಒಂದು ಮಾತು. ಬ್ಯಾಂಕಿನಲ್ಲಿ ಖಾತೆ ಇರುವ 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. 2015ರಲ್ಲಿ ಶುರುವಾದ ಈ ಯೋಜನೆಯ ಕಂತು 2022ರ ಜೂನ್‌ನಿಂದ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ, ಒಂದು ಕೈ ಪೂರ್ತಿ ಹೋದರೆ 1 ಲಕ್ಷ ರೂಪಾಯಿ ಸಿಗುತ್ತದೆ. ಆದರೆ ಒಂದೆರಡು ಬೆರಳು ಹೋದರೆ ಇದರಲ್ಲಿ ಏನೂ ಸಿಗುವುದಿಲ್ಲ. ಹಾಲು ಕರೆಯುವವರಿಗೆ, ಬೀಡಿ ಕಟ್ಟುವವರಿಗೆ, ಹೊಲಿಗೆಯವರಿಗೆ ಬೆರಳು ಎಂದರೆ ಏನು ಎಂದು ನಾವು ಹೇಳಬೇಕಾಗಿಲ್ಲ. ಬೆರಳಿಲ್ಲದ ಕೈಯಿಂದಲೂ ಮಿಷನ್ ಸಾಲದ ಕಂತು ಕಟ್ಟಲೇಬೇಕಾಗುತ್ತದೆ.

ಸಂಘದ ಸಭೆಯಲ್ಲಿ ಮಾತಾಡಿ

1. ನಮ್ಮ ಸಂಘದಲ್ಲಿ ಎಷ್ಟು ಮಂದಿಯ ಹಟ್ಟಿಯಲ್ಲಿ ಈ ಮಿಷನ್ ಇದೆ? ಓಡಿಸುವವರು ಯಾರು?

2. ಹುಲ್ಲು ಸಿಕ್ಕಿದಾಗ ಇದುವರೆಗೆ ನಾವು ಏನು ಮಾಡುತ್ತಿದ್ದೆವು? ಮುಚ್ಚುಮರೆ ಇಲ್ಲದೆ ಹೇಳಿ.

3. ಸ್ಟಾರ್ಟರ್, ಆರ್‌ಸಿಸಿಬಿ, ಚಕ್ರದ ಚಿಲಕಕ್ಕೆ ಸಂಘದ ಉಳಿತಾಯದಿಂದ ಚಿಕ್ಕ ಸಾಲ ಕೊಡಬಹುದಾ?

4. ಮಿಷನಿಗೆ ಸಾಲ ಕೊಡುವಾಗ ಮುಚ್ಚಳ, ಚಿಲಕ ಇದ್ದರೆ ಮಾತ್ರ ಎಂದು ನಿರ್ಣಯ ಮಾಡಬಹುದಾ?

ಸಭೆ ಮುಗಿಸಿ ಮನೆಗೆ ಹೋದ ಮೇಲೆ ಐದು ಹೆಜ್ಜೆಗಳನ್ನು ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಮಿಷನಿನ ಎದುರು ತೂಗುಹಾಕಿ. ಮಿಷನ್ ಮುಟ್ಟುವ ಗಂಡಸರಿಗೂ, ಅತ್ತೆಗೂ, ಸೊಸೆಗೂ ಓದಿ ಹೇಳಿ. ಹಾಲು ಕೊಡಲು ಐದು ನಿಮಿಷ ತಡವಾದರೂ ಪರವಾಗಿಲ್ಲ, ಹುಲ್ಲು ಸಿಕ್ಕಿದರೆ ಮೊದಲು ಪ್ಲಗ್ ಕೀಳಿ.